ಹಾಸನದ ವಿದ್ಯಾರ್ಥಿಗೆ ಕೆಲಸದ ಸುದ್ದಿ ತಲುಪುವುದು ಯಾರಿಂದ?

2023-24ರ ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಟಿಸಿಎಸ್, ಇನ್ಫೋಸಿಸ್ ಮತ್ತು ವಿಪ್ರೊ ಈ ಮೂರೂ ಕಂಪನಿಗಳ ಉದ್ಯೋಗಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಒಟ್ಟು ಸುಮಾರು 64 ಸಾವಿರದಷ್ಟು ಇಳಿದಿತ್ತು. ಬೆಂಗಳೂರಿಗೆ ಅದು ವಾಣಿಜ್ಯ ಪುಟದ ಸುದ್ದಿ. ಇಂಥ ಕಂಪನಿಗಳ ಸಗಟು ನೇಮಕಾತಿಯನ್ನೇ ನೆಚ್ಚಿಕೊಂಡಿದ್ದ ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ಕಾಲೇಜುಗಳಿಗೆ ಅದರ ಅರ್ಥವೇ ಬೇರೆ. ಕಂಪನಿಗಳೇ ಕಾಲೇಜಿಗೆ ಬಂದು ನೇಮಿಸಿಕೊಳ್ಳುವ ಕ್ಯಾಂಪಸ್ ಡ್ರೈವ್ ಎಂಬ ವ್ಯವಸ್ಥೆಯಲ್ಲಿ ನೂರು ಕೊರತೆಗಳಿದ್ದರೂ ಒಂದು ಗುಣವಿತ್ತು: ಹತ್ತನೇ ತರಗತಿಯಿಂದ ಪದವಿಯವರೆಗೆ ಶೇ 60ರಷ್ಟು ಅಂಕ, ಬಾಕಿ ಉಳಿಯದ ವಿಷಯಗಳು, ಒಂದು ಆ್ಯಪ್ಟಿಟ್ಯೂಡ್ ಪರೀಕ್ಷೆ ಇಷ್ಟಿದ್ದರೆ ಅರಕಲಗೂಡಿನ ರೈತನ ಮಗನೂ ಬೆಂಗಳೂರಿನ ಅಧಿಕಾರಿಯ ಮಗಳೂ ಒಂದೇ ಸಾಲಿನಲ್ಲಿ ಕೂರಬಹುದಿತ್ತು. ಅಲ್ಲಿ ಯಾರ ಪರಿಚಯವೂ ಬೇಕಿರಲಿಲ್ಲ.

ಆ ಸಾಲು ಚಿಕ್ಕದಾದ ಮೇಲೆ ವಿದ್ಯಾರ್ಥಿಗಳಿಗೆ ಸಿಗುತ್ತಿರುವ ಸಲಹೆ 'ಆಫ್ ಕ್ಯಾಂಪಸ್ ಪ್ರಯತ್ನಿಸಿ, ನೆಟ್‌ವರ್ಕಿಂಗ್ ಮಾಡಿ' ಎಂಬುದು. ಪ್ಲೇಸ್‌ಮೆಂಟ್ ಸೆಲ್‌ನವರು, ಕೌಶಲ ತರಬೇತಿ ನೀಡಲು ಬರುವ ಅತಿಥಿಗಳು, ಯೂಟ್ಯೂಬಿನ ಮಾರ್ಗದರ್ಶಕರು ಎಲ್ಲರೂ ಇದನ್ನೇ ಹೇಳುತ್ತಾರೆ. ಯಾರೊಂದಿಗೆ, ಹೇಗೆ, ಯಾವ ಕಾರಣಕ್ಕೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಈ ಸಲಹೆ ಈಗಾಗಲೇ ಪರಿಚಯವುಳ್ಳವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದವರಿಗೆ ಅದು ತಮ್ಮ ಕೊರತೆಯ ಪಟ್ಟಿಗೆ ಇನ್ನೊಂದು ಸೇರ್ಪಡೆಯಾಗುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು, ಕ್ಯಾಂಪಸ್ಸಿನ ಹೊರಗೆ ಕೆಲಸ ತುಂಬುವ ರೀತಿಯನ್ನು ತಿಳಿದುಕೊಳ್ಳಬೇಕು. ಮಧ್ಯಮ ಗಾತ್ರದ ಒಂದು ಸಾಫ್ಟ್‌ವೇರ್ ಅಥವಾ ಉತ್ಪಾದನಾ ಕಂಪನಿಯಲ್ಲಿ ಎರಡು ಹುದ್ದೆ ಖಾಲಿ ಇವೆ ಎಂದಿಟ್ಟುಕೊಳ್ಳೋಣ. ಜಾಲತಾಣದಲ್ಲಿ ಪ್ರಕಟಿಸಿದ ಕೂಡಲೇ ಸಾವಿರಗಟ್ಟಲೆ ಅರ್ಜಿ ಬಂದು ಬೀಳುತ್ತವೆ. ಅವನ್ನೆಲ್ಲ ಓದುವ ವ್ಯವಧಾನ ಎಚ್‌ಆರ್ ವಿಭಾಗಕ್ಕಿಲ್ಲ. ತಂತ್ರಾಂಶವೊಂದು ಪದಗಳನ್ನು ಹೊಂದಿಸಿ ಜರಡಿ ಹಿಡಿಯುತ್ತದೆ. ಇದೇ ಹೊತ್ತಿಗೆ ಕಂಪನಿ ತನ್ನ ಉದ್ಯೋಗಿಗಳಿಗೂ 'ನಿಮಗೆ ಗೊತ್ತಿರುವವರಿದ್ದರೆ ಸೂಚಿಸಿ' ಎಂದು ತಿಳಿಸುತ್ತದೆ. ಉದ್ಯೋಗಿ ಒಳಗಿನ ಪೋರ್ಟಲ್‌ನಲ್ಲಿ ಪರಿಚಿತರ ರೆಸ್ಯೂಮ್ ಹಾಕುತ್ತಾನೆ, ಅರ್ಜಿಗೆ ರೆಫರಲ್ ಎಂಬ ಗುರುತು ಬೀಳುತ್ತದೆ, ನೇಮಕಾತಿ ನೋಡಿಕೊಳ್ಳುವವರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಸೂಚಿಸಿದ ವ್ಯಕ್ತಿ ಆಯ್ಕೆಯಾಗಿ ಕೆಲವು ತಿಂಗಳು ಕೆಲಸದಲ್ಲಿ ಉಳಿದರೆ ಸೂಚಿಸಿದವನಿಗೆ ಹಲವು ಕಂಪನಿಗಳಲ್ಲಿ ಒಂದಿಷ್ಟು ಬೋನಸ್ ಕೂಡ ಸಿಗುತ್ತದೆ. ಪರೀಕ್ಷೆ, ಸಂದರ್ಶನ ಯಾವುದೂ ತಪ್ಪುವುದಿಲ್ಲ. ಅರ್ಜಿಯನ್ನು ಒಬ್ಬ ಮನುಷ್ಯ ತೆರೆದು ಓದುತ್ತಾನೆ ಎಂಬುದಷ್ಟೇ ಲಾಭ.

ಈ ವಿವರ ಗೊತ್ತಿಲ್ಲದಿರುವುದರಿಂದಲೇ ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳು ರೆಫರಲ್ ಕೇಳುವುದನ್ನು ಕೈಚಾಚುವ ಕೆಲಸವೆಂದು ಭಾವಿಸಿ ಸುಮ್ಮನಿರುತ್ತಾರೆ. ಕೇಳುವುದರಿಂದ ಎದುರಿನವರಿಗೂ ಪ್ರಯೋಜನವಿದೆ, ಜೊತೆಗೆ ಒಂದು ಅಪಾಯವೂ ಇದೆ. ತಾನು ಸೂಚಿಸಿದವನು ಸಂದರ್ಶನದಲ್ಲಿ ಬಾಯಿಬಿಡದೆ ಕುಳಿತರೆ ಸೂಚಿಸಿದವನ ಮಾತಿಗೆ ಮುಂದಿನ ಸಲ ಬೆಲೆಯಿರುವುದಿಲ್ಲ. ಆದ್ದರಿಂದಲೇ ಗುರುತು ಪರಿಚಯವಿಲ್ಲದವರ ರೆಸ್ಯೂಮನ್ನು ಜವಾಬ್ದಾರಿಯುಳ್ಳ ಯಾರೂ ಕಣ್ಣುಮುಚ್ಚಿ ಮುಂದೆ ಕಳಿಸುವುದಿಲ್ಲ. ಕೇಳುವವನಿಗೆ ಸಂಕೋಚ, ಕೊಡುವವನಿಗೆ ಅಳುಕು. ಇವೆರಡರ ನಡುವಿನ ಜಾಗದಲ್ಲಿಯೇ ನೆಟ್‌ವರ್ಕಿಂಗ್ ಎಂಬುದರ ನಿಜವಾದ ಕೆಲಸವಿದೆ.

ಕೆಲಸದ ಸುದ್ದಿ ಯಾರಿಂದ ಬರುತ್ತದೆ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರದಲ್ಲಿ ಅರ್ಧ ಶತಮಾನದ ಹಿಂದೆಯೇ ಒಂದು ಉತ್ತರ ದೊರಕಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಬಾಸ್ಟನ್ ಬಳಿಯ ಊರೊಂದರಲ್ಲಿ ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿ 1973ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 16.7ರಷ್ಟು ಮಾತ್ರ. ಅಪರೂಪಕ್ಕೊಮ್ಮೆ ಭೇಟಿಯಾಗುತ್ತಿದ್ದವರು ಶೇ 55.6, ತೀರಾ ವಿರಳವಾಗಿ ಕಂಡವರು ಶೇ 27.8. ಅಂದರೆ ಕೆಲಸ ದೊರಕಿಸಿದ್ದು ಹತ್ತಿರದ ಬಂಧುಮಿತ್ರರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯದವರು. ಮಾದರಿ ಚಿಕ್ಕದಾಗಿತ್ತು, ವಿಚಾರಿಸಿದ್ದು ವೃತ್ತಿಪರರನ್ನು ಮಾತ್ರ ಎಂಬ ಮಿತಿಗಳಿದ್ದರೂ ಕಾರಣ ಸ್ಪಷ್ಟವಾಗಿತ್ತು: ಹತ್ತಿರದವರಿಗೆ ಗೊತ್ತಿರುವುದು ನಮಗೆ ಈಗಾಗಲೇ ಗೊತ್ತಿರುವ ಸಂಗತಿಗಳೇ.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಇದನ್ನೇ ವೃತ್ತಿ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ಪರೀಕ್ಷಿಸಿತು. ಮೂಲ ಮಾತು ನಿಂತಿತು, ಆದರೆ ಎರಡು ತಿದ್ದುಪಡಿಗಳೊಂದಿಗೆ. ತೀರಾ ಅಪರಿಚಿತರಿಂದಲೂ ಅಲ್ಲ, ತೀರಾ ಹತ್ತಿರದವರಿಂದಲೂ ಅಲ್ಲ, ನಡುವೆ ಸುಮಾರು ಹತ್ತು ಮಂದಿಯಷ್ಟು ಸಮಾನ ಪರಿಚಿತರಿರುವವರಿಂದ ಹೆಚ್ಚು ಅನುಕೂಲವಾಗುತ್ತದೆ ಎಂಬುದು ಒಂದು. ಡಿಜಿಟಲ್ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ದೂರದ ಪರಿಚಯ ಹೆಚ್ಚು ಕೆಲಸ ಮಾಡಿದರೆ, ಅದು ಕಡಿಮೆಯಿರುವ ಉದ್ಯಮಗಳಲ್ಲಿ ಹತ್ತಿರದ ಸಂಬಂಧವೇ ಹೆಚ್ಚು ಸಹಾಯಕ್ಕೆ ಬರುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಮಾತು ಮಲೆನಾಡಿಗೆ ಬಹಳ ಮುಖ್ಯವೆಂದು ನನಗನ್ನಿಸುತ್ತದೆ. ಅದನ್ನು ಮುಂದೆ ನೋಡೋಣ.

ಹಾಸನದ ಒಂದು ಕಾಲೇಜಿನಲ್ಲಿ ಓದುತ್ತಿರುವ, ಅರಕಲಗೂಡು ತಾಲ್ಲೂಕಿನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗನೊಬ್ಬನ ಪರಿಚಯದ ವಲಯವನ್ನು ಊಹಿಸಿಕೊಳ್ಳಿ. ಮನೆಯವರು, ದಾಯಾದಿಗಳು, ಡೇರಿ ಕಾರ್ಯದರ್ಶಿ, ಸೊಸೈಟಿಯ ಗುಮಾಸ್ತ, ಹೈಸ್ಕೂಲಿನ ಮೇಷ್ಟ್ರು, ಬಸ್ಸಿನ ಗೆಳೆಯರು, ತರಗತಿಯ ಅರವತ್ತು ಮಂದಿ. ಕಷ್ಟಕ್ಕಾಗುವ ಜನ ಇವರು. ಆಸ್ಪತ್ರೆಗೆ ಸೇರಿಸಬೇಕಾದರೆ, ಫೀಸಿಗೆ ಸಾಲ ಬೇಕಾದರೆ ರಾತ್ರಿ ಹನ್ನೆರಡಕ್ಕೂ ಎದ್ದು ಬರುವವರು. ಆದರೆ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ಡಿಸೈನ್ ಟ್ರೈನಿ ಬೇಕಾಗಿದ್ದಾನೆ ಎಂಬ ಸುದ್ದಿ ಇವರಲ್ಲಿ ಯಾರಿಗೂ ತಲುಪುವುದಿಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ದಿನಾಂಕವಿಲ್ಲದ, ಹತ್ತು ಕೈ ದಾಟಿದ ಜಾಹೀರಾತು ಬರುತ್ತದೆ. ಅಷ್ಟರಲ್ಲಿ ಹುದ್ದೆ ಭರ್ತಿಯಾಗಿ ತಿಂಗಳಾಗಿರುತ್ತದೆ. ಅದೇ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ವಿದ್ಯಾರ್ಥಿಗೆ ಪಕ್ಕದ ಮನೆಯ ಅಂಕಲ್, ಅಪ್ಪನ ಸಹೋದ್ಯೋಗಿ, ಕ್ರಿಕೆಟ್ ಕೋಚಿಂಗ್‌ನ ಗೆಳೆಯನ ತಾಯಿ ಹೀಗೆ ಅಷ್ಟಕ್ಕಷ್ಟೇ ಪರಿಚಯದ ಹತ್ತಾರು ಮಂದಿ ಹತ್ತಾರು ಕಚೇರಿಗಳಲ್ಲಿರುತ್ತಾರೆ. ಅವನು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. ಬುದ್ಧಿಯಲ್ಲಾಗಲಿ ಶ್ರಮದಲ್ಲಾಗಲಿ ಈ ಇಬ್ಬರ ನಡುವೆ ವ್ಯತ್ಯಾಸವಿರಬೇಕಾಗಿಲ್ಲ.

ಹಾಗೆಂದು ನಮ್ಮ ಸಮಾಜಕ್ಕೆ ಪರಿಚಯದ ಬಲದ ಮೇಲೆ ಮೇಲೆತ್ತುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಹಳೆ ಮೈಸೂರು ಸೀಮೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಿಂದಲೇ ಸಮುದಾಯಗಳ ಸಂಘಗಳು ಮತ್ತು ಮಠಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಹಳ್ಳಿಯ ಹುಡುಗನಿಗೆ ಆ ಹಾಸ್ಟೆಲ್ಲುಗಳು ಊಟ ವಸತಿಯಷ್ಟನ್ನೇ ಕೊಡಲಿಲ್ಲ. ಮೇಲಿನ ತರಗತಿಯಲ್ಲಿ ಓದಿ ಸರ್ಕಾರಿ ಕೆಲಸ ಹಿಡಿದ ಹಿರಿಯರ ಪರಿಚಯವನ್ನೂ ಕೊಟ್ಟವು. ಯಾವ ಪರೀಕ್ಷೆಗೆ ಕಟ್ಟಬೇಕು, ಅರ್ಜಿ ಎಲ್ಲಿ ಸಿಗುತ್ತದೆ, ಸಂದರ್ಶನಕ್ಕೆ ಯಾವ ಅಂಗಿ ಹಾಕಬೇಕು ಎಂಬುದೆಲ್ಲ ಊಟದ ಪಂಕ್ತಿಯಲ್ಲೇ ಇತ್ಯರ್ಥವಾಗುತ್ತಿತ್ತು. ಈ ವ್ಯವಸ್ಥೆಯ ಶಕ್ತಿಯೂ ಮಿತಿಯೂ ಒಂದೇ: ಅದು ತನ್ನವರಿಗೆ ಮಾತ್ರ. ಸಂಘ, ಮಠ, ಹಾಸ್ಟೆಲ್ಲುಗಳ ಬಲ ತಡವಾಗಿ ದೊರೆತ ಅಥವಾ ದೊರೆಯದೇ ಹೋದ ಸಮುದಾಯಗಳ ಮಕ್ಕಳಿಗೆ ಆ ಪಂಕ್ತಿಯಲ್ಲಿ ಎಲೆ ಇರಲಿಲ್ಲ.

ಖಾಸಗಿ ವಲಯದಲ್ಲಿ ಈ ವ್ಯತ್ಯಾಸ ಇಂದಿಗೂ ಅಳಿದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಕುಲನಾಮಗಳೊಂದಿಗೆ ಕಂಪನಿಗಳಿಗೆ ಕಳಿಸಿದಾಗ ದಲಿತ ಕುಲನಾಮದ ಅರ್ಜಿಗಳಿಗೆ ಸಂದರ್ಶನದ ಕರೆ ಗಮನಾರ್ಹವಾಗಿ ಕಡಿಮೆ ಬಂದಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಶ್ವಿನಿ ದೇಶಪಾಂಡೆ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಹಿಂಬಾಲಿಸಿ ನೋಡಿದಾಗ, ಸಮಾನ ಪದವಿಯಿದ್ದರೂ ಕುಟುಂಬದ ಪರಿಚಯಗಳ ಆಸರೆ ಯಾರಿಗಿದೆ, ಯಾರಿಗಿಲ್ಲ ಎಂಬುದು ಉದ್ಯೋಗದ ದಾರಿಯನ್ನೇ ಬದಲಿಸುವುದು ಕಂಡುಬಂದಿತು. ನೆಟ್‌ವರ್ಕಿಂಗ್ ಮಾಡಿ ಎಂದು ತರಗತಿಯ ಎಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳುವವರು ಇದನ್ನು ಮರೆಯಬಾರದು.

ಪರಿಚಯದ ಹಂಗಿಲ್ಲದೆ ಕೆಲಸದ ಸುದ್ದಿ ಎಲ್ಲರಿಗೂ ತಲುಪಬೇಕೆಂದು ಸರ್ಕಾರ ಹಿಂದೆಯೇ ಯೋಚಿಸಿದ್ದುಂಟು. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ವಿಧಿಸಿತ್ತು. ಆದರೆ ಆ ಕಚೇರಿಯ ಮೂಲಕವೇ ನೇಮಿಸಿಕೊಳ್ಳಬೇಕೆಂಬ ಕಡ್ಡಾಯವನ್ನು ಕಾಯ್ದೆಯೇ ಇಟ್ಟಿರಲಿಲ್ಲ. ಪರಿಣಾಮ ಎಲ್ಲರಿಗೂ ಗೊತ್ತಿರುವುದೇ.

ಇನ್ನು ಶಾಸಕರ ಲೆಟರ್‌ಹೆಡ್ಡಿನ ವಿಷಯ. ಕೆಲಸ ಎಂದ ಕೂಡಲೇ 'ಸಾಹೇಬ್ರ ಹತ್ತಿರ ಒಂದು ಮಾತು ಹೇಳಿಸೋಣ' ಎನ್ನುವ ಹಿರಿಯರು ಎರಡೂ ಜಿಲ್ಲೆಗಳಲ್ಲಿ ಮನೆಗೊಬ್ಬರಿದ್ದಾರೆ. ಮದುವೆ ಮನೆಗಳಲ್ಲಿ, ಜಾತ್ರೆಗಳಲ್ಲಿ ಮಗನನ್ನು ಮುಂದೆ ನಿಲ್ಲಿಸಿ ನಮಸ್ಕಾರ ಮಾಡಿಸುವುದೂ ಇದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೋಡ್ ಬರೆಯುವ ಕೆಲಸಕ್ಕೆ ಈ ಪತ್ರದಿಂದ ಏನೂ ಆಗುವುದಿಲ್ಲ. ಪತ್ರ ಬರೆದುಕೊಟ್ಟವರಿಗೆ ಆ ಕೆಲಸದ ಗಂಧವಿರುವುದಿಲ್ಲ, ಪತ್ರ ಓದಬೇಕಾದವರಿಗೆ ಬರೆದವರ ಹಂಗಿರುವುದಿಲ್ಲ. ಅಷ್ಟು ದೊಡ್ಡವರ ಬಳಿ ಹೋಗಲು ವ್ಯಯಿಸುವ ದಿನಗಳಲ್ಲಿ ಎರಡು ವರ್ಷ ಹಿಂದೆ ಅದೇ ಕಾಲೇಜಿನಿಂದ ಹೊರಬಿದ್ದ ಸೀನಿಯರ್ ಒಬ್ಬರನ್ನು ಹುಡುಕಿ ಮಾತಾಡಿದ್ದರೆ ಹೆಚ್ಚು ಲಾಭವಿರುತ್ತಿತ್ತು.

ನನ್ನ ಮುಖ್ಯ ವಾದ ಇಲ್ಲಿಯೇ ಇದೆ. ಹತ್ತಿರದವರಿಗೂ ಅಪರಿಚಿತರಿಗೂ ನಡುವಿನ, ಹತ್ತು ಮಂದಿಯಷ್ಟು ಸಮಾನ ಪರಿಚಿತರಿರುವ ಆ ಸಂಬಂಧ ನಮ್ಮ ವಿದ್ಯಾರ್ಥಿಗಳಿಗೆ ಬೇರೆಲ್ಲೂ ಅಲ್ಲ, ತಮ್ಮ ಕಾಲೇಜಿನಲ್ಲೇ, ತಮಗಿಂತ ಎರಡು ಮೂರು ವರ್ಷ ಹಿರಿಯರಲ್ಲಿ ಸಿಗುತ್ತದೆ. ಒಂದೇ ಪ್ರಾಧ್ಯಾಪಕರ ಪಾಠ ಕೇಳಿದವರು, ಒಂದೇ ಲ್ಯಾಬಿನ ಕೆಟ್ಟ ಯಂತ್ರದೊಡನೆ ಗುದ್ದಾಡಿದವರು, ಒಂದೇ ಬಸ್ ನಿಲ್ದಾಣದಲ್ಲಿ ಕಾದವರು. ಅವರು ಬರೆದ ಪರೀಕ್ಷೆಯ ನೆನಪು ಇನ್ನೂ ಹಸಿಯಾಗಿರುತ್ತದೆ. 25 ವರ್ಷದ ಹಿಂದೆ ಹೋಗಿ ಈಗ ಉಪಾಧ್ಯಕ್ಷರಾಗಿರುವವರು ಕಾಲೇಜಿಗೆ ಕಟ್ಟಡ ಕಟ್ಟಿಸಿಕೊಡಬಲ್ಲರು. ಹೊಸಬರ ನೇಮಕಾತಿ ಈ ವರ್ಷ ಹೇಗೆ ನಡೆಯುತ್ತಿದೆ ಎಂಬುದು ಅವರಿಗೆ ಬಹುಮಟ್ಟಿಗೆ ಗೊತ್ತಿರುವುದಿಲ್ಲ.

ಅಂಥ ಸೀನಿಯರ್‌ಗಳನ್ನು ಹುಡುಕುವುದು ಕಷ್ಟದ ಕೆಲಸವೇನಲ್ಲ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು ಹಳೆಯ ವಿದ್ಯಾರ್ಥಿಗಳ ವಿಭಾಗಕ್ಕೆ ಹೋದರೆ ಯಾರು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ, ಯಾವ ಬಗೆಯ ಕೆಲಸದಲ್ಲಿದ್ದಾರೆ ಎಂಬುದನ್ನು ಓದಿದ ವರ್ಷದ ಪ್ರಕಾರ ಸೋಸಿ ನೋಡಬಹುದು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ 1980ರಲ್ಲಿ. ಇಷ್ಟು ಹಳೆಯ ಸಂಸ್ಥೆಗಳ ವಿದ್ಯಾರ್ಥಿಗಳು ಇಲ್ಲದ ಉದ್ಯಮವನ್ನು ಹುಡುಕುವುದೇ ಕಷ್ಟ. ಪ್ರಥಮ ದರ್ಜೆ ಕಾಲೇಜುಗಳ ಬಿ.ಕಾಂ., ಬಿ.ಎ. ಪದವೀಧರರು ಲಿಂಕ್ಡ್‌ಇನ್‌ನಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅವರ ವಿಷಯದಲ್ಲಿ ವಿಭಾಗದ ಅಧ್ಯಾಪಕರ ಫೋನಿನಲ್ಲಿರುವ ನಂಬರುಗಳೇ ಹೆಚ್ಚು ಉಪಯುಕ್ತ.

ಕಷ್ಟವಿರುವುದು ಬರೆಯುವ ಮಾತಿನಲ್ಲಿ. ಸೀನಿಯರ್‌ಗಳಿಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: 'ಹಾಯ್ ಸರ್, ಐ ಆ್ಯಮ್ ಫೈನಲ್ ಇಯರ್ ಸ್ಟೂಡೆಂಟ್, ಪ್ಲೀಸ್ ರೆಫರ್ ಮಿ ಫಾರ್ ಎನಿ ಜಾಬ್.' ಇದಕ್ಕೆ ಉತ್ತರ ಬರುವುದಿಲ್ಲ. ಉತ್ತರ ಬರೆಯಲು ಅದರಲ್ಲಿ ಹಿಡಿಯೇ ಇಲ್ಲ. ಯಾವ ಕೆಲಸ, ಏನು ಗೊತ್ತು, ತಾನೇನು ಮಾಡಬೇಕು ಎಂಬುದನ್ನೆಲ್ಲ ಓದುವವರೇ ಊಹಿಸಬೇಕು. ಇದರ ಬದಲು ಇಲೆಕ್ಟ್ರಾನಿಕ್ಸ್ ವಿಭಾಗದ ಹುಡುಗಿಯೊಬ್ಬಳು ಹೀಗೆ ಬರೆಯಬಹುದು: 'ನಮಸ್ತೆ ಅಕ್ಕ, ನಾನು ನಿಮ್ಮದೇ ವಿಭಾಗದ ಏಳನೇ ಸೆಮಿಸ್ಟರ್. ನೀವು ಟೆಸ್ಟಿಂಗ್ ಕೆಲಸಕ್ಕೆ ಸೇರಿರುವುದನ್ನು ನೋಡಿದೆ. ನನಗೂ ಆ ಕಡೆ ಹೋಗುವ ಮನಸ್ಸಿದೆ. ಎಂಬೆಡೆಡ್ ಸಿ ಕಲಿತಿದ್ದೇನೆ, ಹಾಲಿನ ತಾಪಮಾನ ಅಳೆಯುವ ಒಂದು ಚಿಕ್ಕ ಪ್ರಾಜೆಕ್ಟ್ ಮಾಡಿದ್ದೇನೆ. ಕಾಲೇಜಿನಲ್ಲಿ ಕಲಿಯದೆ, ಕೆಲಸಕ್ಕೆ ಸೇರಿದ ಮೇಲೆ ನೀವು ಹೊಸದಾಗಿ ಕಲಿಯಬೇಕಾಗಿ ಬಂದದ್ದು ಏನು? ಭಾನುವಾರ ಹತ್ತು ನಿಮಿಷ ಮಾತಾಡಲು ಆದರೆ ಫೋನ್ ಮಾಡುತ್ತೇನೆ, ಇಲ್ಲವೇ ಇಲ್ಲೇ ಎರಡು ಸಾಲು ಬರೆದರೂ ಉಪಕಾರ.'

ಈ ಸಂದೇಶದಲ್ಲಿ ಕೆಲಸ ಕೇಳಿಲ್ಲ ಎಂಬುದನ್ನು ಗಮನಿಸಬೇಕು. ಉತ್ತರಿಸಬಹುದಾದ ಒಂದು ಪ್ರಶ್ನೆಯಿದೆ, ತಾನು ಮಾಡಿದ ಒಂದು ಕೆಲಸದ ಗುರುತಿದೆ, ಎದುರಿನವರ ಸಮಯಕ್ಕೆ ಮಿತಿ ಹಾಕಲಾಗಿದೆ. ಮಾತುಕತೆ ಒಮ್ಮೆ ಶುರುವಾದರೆ, ಸೀನಿಯರ್ ಹೇಳಿದ್ದನ್ನು ಕಲಿತು ತಿಂಗಳು ಬಿಟ್ಟು 'ನೀವು ಹೇಳಿದ್ದನ್ನು ಮಾಡಿ ಮುಗಿಸಿದೆ' ಎಂದು ತಿಳಿಸಿದರೆ, ರೆಫರಲ್ ಮಾತು ಎಷ್ಟೋ ಸಲ ಅವರ ಬಾಯಿಂದಲೇ ಬರುತ್ತದೆ. ಯಾಕೆಂದರೆ ಅವರ ಅಳುಕು ಅಷ್ಟರಲ್ಲಿ ಕರಗಿರುತ್ತದೆ. ಹೇಳಿದ್ದನ್ನು ಮಾಡುವ ಹುಡುಗಿ ಎಂಬುದು ಅವರಿಗೆ ಖಾತ್ರಿಯಾಗಿರುತ್ತದೆ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಆಹ್ವಾನದೊಂದಿಗೆ ಬರೆಯುವ ಟಿಪ್ಪಣಿಗೆ ಅಕ್ಷರಮಿತಿಯೂ ಇಂತಿಷ್ಟೇ ಎಂಬ ಲೆಕ್ಕವೂ ಇರುವುದರಿಂದ ಮೊದಲು ಕಾಲೇಜು ಮತ್ತು ವಿಭಾಗದ ಹೆಸರು ಹೇಳಿ ಪರಿಚಯಿಸಿಕೊಂಡು, ಒಪ್ಪಿಕೊಂಡ ಮೇಲೆ ವಿವರ ಬರೆಯುವುದು ಒಳ್ಳೆಯದು.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ತಪ್ಪಾದೀತೆಂದು ಬರೆಯುವುದನ್ನೇ ಮುಂದೂಡುತ್ತಾರೆ, ಇಲ್ಲವೇ ಯಾವುದೋ ಮಾದರಿಯನ್ನು ನಕಲು ಮಾಡಿ ಕಳಿಸುತ್ತಾರೆ. ಚನ್ನರಾಯಪಟ್ಟಣದಿಂದ ಹೋದ ಸೀನಿಯರ್‌ಗೆ ಕನ್ನಡದಲ್ಲಿ ಬರೆದರೆ ಏನೂ ಕೆಡುವುದಿಲ್ಲ. ನಕಲು ಮಾಡಿದ ಇಂಗ್ಲಿಷಿಗಿಂತ ಅದು ಬೇಗ ಹತ್ತಿರವಾಗುತ್ತದೆ. ರೆಸ್ಯೂಮ್ ಇಂಗ್ಲಿಷಿನಲ್ಲಿರಬೇಕು, ಸಂದರ್ಶನಕ್ಕೂ ಇಂಗ್ಲಿಷ್ ಬೇಕು, ಅದನ್ನು ಕಲಿಯದೆ ಗತ್ಯಂತರವಿಲ್ಲ. ಪರಿಚಯ ಬೆಳೆಸಿಕೊಳ್ಳುವ ಕೆಲಸವನ್ನು ಮಾತ್ರ ಅಲ್ಲಿಯವರೆಗೆ ತಡೆಹಿಡಿಯಬೇಕಾಗಿಲ್ಲ.

ಹುಡುಗಿಯರ ಪಾಲಿಗೆ ಇನ್ನೂ ಕೆಲವು ತೊಡಕುಗಳಿವೆ. ಅಪರಿಚಿತ ಗಂಡಸರಿಗೆ ಸಂದೇಶ ಕಳಿಸಿದರೆ ಅದನ್ನು ತಪ್ಪಾಗಿ ತಿಳಿಯುವವರಿದ್ದಾರೆ. ಹಾಗೆ ತಪ್ಪು ತಿಳಿಯದಿದ್ದರೂ ಮನೆಯಲ್ಲಿ ಪ್ರಶ್ನೆಗಳೇಳುತ್ತವೆ. ಸಂಜೆ ಐದಕ್ಕೆ ಹಳೆಯ ವಿದ್ಯಾರ್ಥಿಗಳ ಜೊತೆ ಸಂವಾದ ಇಟ್ಟರೆ ಕೊಪ್ಪ, ಮೂಡಿಗೆರೆ, ಆಲೂರಿನ ಕಡೆ ಹೋಗುವ ಹುಡುಗಿಯರು ಬಸ್ಸಿಗಾಗಿ ನಾಲ್ಕೂವರೆಗೇ ಎದ್ದು ಹೋಗಬೇಕಾಗುತ್ತದೆ. ಅಧ್ಯಾಪಕಿಯೊಬ್ಬರು ಮಧ್ಯೆ ನಿಂತು, ಹಳೆಯ ವಿದ್ಯಾರ್ಥಿನಿಯರೊಂದಿಗೆ ಮೂರು ನಾಲ್ಕು ಮಂದಿಗೆ ಒಟ್ಟಿಗೆ ಫೋನಿನಲ್ಲಿ ಮಾತಾಡಿಸುವುದು ಇದಕ್ಕೆ ಸುಲಭದ ಪರಿಹಾರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಬೆಂಗಳೂರಿನ ಸಂದರ್ಶನಕ್ಕೆ ಹೋಗಿಬರುವ ಬಸ್ ಖರ್ಚು ಹೆಣ್ಣುಮಕ್ಕಳಿಗೆ ಉಳಿದಿದೆ; ಬೆಳಿಗ್ಗೆ ಹತ್ತರ ಸಂದರ್ಶನಕ್ಕೆ ಹಿಂದಿನ ರಾತ್ರಿ ಎಲ್ಲಿ ತಂಗುವುದು ಎಂಬ ಪ್ರಶ್ನೆ ಉಳಿದೇ ಇದೆ. ಅಲ್ಲಿಯೂ ಪಿ.ಜಿ.ಯಲ್ಲಿರುವ ಸೀನಿಯರ್ ಅಕ್ಕನೇ ದಿಕ್ಕು.

ಇಷ್ಟು ಹೊತ್ತು ಬೆಂಗಳೂರನ್ನೇ ಗುರಿಯಾಗಿಟ್ಟು ಮಾತಾಡಿದ್ದಾಯಿತು. ರಾಜ್ಯ ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆ ಆರಂಭದಲ್ಲಿ ಆರಿಸಿಕೊಂಡದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳನ್ನು. ಮೈಸೂರಿಗೂ ಮಂಗಳೂರಿಗೂ ನಡುವೆ ಬೀಳುವ ನಮ್ಮ ಜಿಲ್ಲೆಗಳಲ್ಲಿ ಸಾಫ್ಟ್‌ವೇರ್ ಉದ್ಯೋಗ ನೆಲೆಯೂರಿಲ್ಲ. ಆದರೆ ಇಂಟರ್ನ್‌ಶಿಪ್‌ಗೆ ಬೇಕಾದ ಕೆಲಸದ ಜಾಗಗಳು ಇಲ್ಲವೆನ್ನುವುದು ಸುಳ್ಳು. ಉಪಗ್ರಹಗಳ ಮೇಲೆ ನಿಗಾ ಇಡುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ; ಹಾಸನ, ಚಿಕ್ಕಮಗಳೂರು, ಕೊಡಗಿನ ಹಾಲು ಸಂಗ್ರಹಿಸುವ ಒಕ್ಕೂಟದ ಡೇರಿ ಇದೆ; ವಿಶೇಷ ಆರ್ಥಿಕ ವಲಯದಲ್ಲಿ ಹಾಸಿಗೆ ಹೊದಿಕೆ ನೇಯ್ದು ರಫ್ತು ಮಾಡುವ ಹಿಮತ್ಸಿಂಗ್ಕಾ ಕಾರ್ಖಾನೆ ಇದೆ; ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ; ಎರಡೂ ಜಿಲ್ಲೆಗಳಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಎಸ್ಟೇಟುಗಳಿವೆ, ಹೋಂಸ್ಟೇಗಳಂತೂ ಲೆಕ್ಕವಿಲ್ಲದಷ್ಟಿವೆ. ಇಸ್ರೊದಂಥ ಸಂಸ್ಥೆಗೆ ಅಧಿಕೃತ ಪ್ರಕಟಣೆ ನೋಡಿ ಕಾಲೇಜಿನ ಮೂಲಕ ಅರ್ಜಿ ಹಾಕುವುದೊಂದೇ ದಾರಿ. ಪರಿಚಯಕ್ಕೆ ಅಲ್ಲಿ ಕೆಲಸವಿಲ್ಲ. ಉಳಿದೆಡೆ ಮಾತು ಬೇರೆ.

ಕಾಫಿಯ ಉದಾಹರಣೆಯನ್ನೇ ನೋಡೋಣ. ಅರಣ್ಯ ಕಡಿದ ಜಾಗದಲ್ಲಿ ಬೆಳೆದ ಉತ್ಪನ್ನಗಳನ್ನು ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮ, ಕಾಫಿ ಬೆಳೆದ ತುಂಡು ಜಮೀನಿನ ಭೌಗೋಳಿಕ ಸ್ಥಾನವನ್ನು ದಾಖಲಿಸಿ ತೋರಿಸಬೇಕೆನ್ನುತ್ತದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದ್ದರೂ ಯುರೋಪಿಗೆ ಮಾರುವವರು ಸಿದ್ಧತೆ ಮಾಡಿಕೊಳ್ಳದೆ ಇರುವಂತಿಲ್ಲ. ಸಕಲೇಶಪುರದ ಐದಾರು ಎಕರೆಯ ಬೆಳೆಗಾರನಿಗೆ ತೋಟದ ಗಡಿಯನ್ನು ಮೊಬೈಲಿನಲ್ಲಿ ಗುರುತಿಸಿ, ಪಹಣಿಯೊಂದಿಗೆ ಹೋಲಿಸಿ, ಕಡತ ಮಾಡಿಕೊಡುವವರು ಬೇಕು. ಭೂಗೋಳ ಓದಿದವರು, ಸಿವಿಲ್ ಎಂಜಿನಿಯರಿಂಗ್‌ನವರು, ಕಂಪ್ಯೂಟರ್ ಸೈನ್ಸ್‌ನವರು ಮೂರು ತಿಂಗಳು ಮಾಡಬಹುದಾದ ಅಚ್ಚುಕಟ್ಟಾದ ಇಂಟರ್ನ್‌ಶಿಪ್ ಇದು. ಇಂಥದ್ದು ಯಾವ ಜಾಲತಾಣದಲ್ಲೂ ಪ್ರಕಟವಾಗುವುದಿಲ್ಲ. ಬೆಳೆಗಾರರ ಸಂಘದ ಸಭೆಯ ಬಳಿ ಹೋಗಿ, ಗೊತ್ತಿರುವ ಒಬ್ಬ ಪ್ಲಾಂಟರ್ ಮೂಲಕ ಇನ್ನೊಬ್ಬರನ್ನು ಕಂಡು, ಏನು ಮಾಡಿಕೊಡಬಲ್ಲೆ ಎಂದು ಹೇಳಬೇಕು. ಡಿಜಿಟಲ್ ಬಳಕೆ ಕಡಿಮೆಯಿರುವ ಉದ್ಯಮದಲ್ಲಿ ಹತ್ತಿರದ ಸಂಬಂಧವೇ ನೆರವಾಗುತ್ತದೆ ಎಂಬ, ಹಿಂದೆ ಹೇಳಿದ 2022ರ ಅಧ್ಯಯನದ ಮಾತು ಇಲ್ಲಿ ಹೊಂದುತ್ತದೆ. ಬೆಂಗಳೂರಿನ ಕೆಲಸಕ್ಕೆ ಪ್ರಯೋಜನಕ್ಕೆ ಬಾರದ ಸೋದರಮಾವ ಇಲ್ಲಿ ಬಹಳ ಕೆಲಸಕ್ಕೆ ಬರುತ್ತಾನೆ. ಕುಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಯಾವ ಪ್ಲಾಂಟರ್‌ಗೂ ಮಾತಾಡಲು ಪುರಸೊತ್ತಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಮಳೆಗಾಲ ಇಂಥ ಭೇಟಿಗೆ ಸರಿಯಾದ ಸಮಯ.

ಇಂಟರ್ನ್‌ಶಿಪ್ ಈಗ ಪಠ್ಯದ ಭಾಗವಾಗಿರುವುದರಿಂದ ಈ ಮಾತಿಗೆ ಹೆಚ್ಚಿನ ತುರ್ತಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದಲ್ಲಿ ದೀರ್ಘ ಅವಧಿಯ ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿದೆ. ಜಾಗಗಳು ಕಡಿಮೆ, ಬೇಕಾದವರು ಹೆಚ್ಚು, ಅಂಕ ಕಡ್ಡಾಯ ಎಂದಾಗ ಏನಾಗಬೇಕೋ ಅದೇ ಆಗಿದೆ: ಹಣ ತೆತ್ತು ಪ್ರಮಾಣಪತ್ರ ಪಡೆಯುವ ಮಾರುಕಟ್ಟೆ ಬೆಳೆದಿದೆ. ಕೆಲವರು ನಾಲ್ಕು ವಿಡಿಯೊ ತೋರಿಸಿ ಪ್ರಮಾಣಪತ್ರ ಕೊಡುತ್ತಾರೆ, ಕೆಲವರು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಕಟ್ಟಿಸಿಕೊಂಡು ಫೋನ್ ಆಫ್ ಮಾಡುತ್ತಾರೆ. ಕೆಲಸ ಕೊಡುವವನು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಕಂಪನಿಯಲ್ಲಿ ನಿಜವಾಗಿ ಕೆಲಸ ಕಲಿಸುತ್ತಾರೆಯೇ ಎಂದು ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ಒಬ್ಬರನ್ನು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ನೆಟ್‌ವರ್ಕಿಂಗಿನ ಅತ್ಯಂತ ಅಗ್ಗದ, ಅತ್ಯಂತ ಖಚಿತ ಲಾಭ ಇದು ಎಂದು ನನ್ನ ಅಭಿಪ್ರಾಯ.

ಸರ್ಕಾರದ ಯೋಜನೆಗಳ ಬಗ್ಗೆಯೂ ಗೊಂದಲವಿದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ, ಆರಂಭದ ನಿಯಮಗಳ ಪ್ರಕಾರ, 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದಿನಲ್ಲಾಗಲಿ ಕೆಲಸದಲ್ಲಾಗಲಿ ಇಲ್ಲದವರಿಗೆ ಹನ್ನೆರಡು ತಿಂಗಳ ಅವಕಾಶ, ತಿಂಗಳಿಗೆ 5,000 ರೂಪಾಯಿ. ಆ ನಿಯಮದಂತೆ ಕಾಲೇಜಿನಲ್ಲಿ ಓದುತ್ತಿರುವವರು ಅದನ್ನು ಕಾದು ಕೂರುವಂತಿಲ್ಲ. ಓದು ಮುಗಿಸಿದ ಎಂಜಿನಿಯರಿಂಗ್, ಡಿಪ್ಲೊಮಾದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿಯ ತರಬೇತಿ ಹೆಚ್ಚು ಹಳೆಯ, ಹೆಚ್ಚು ಗಟ್ಟಿಯಾದ ದಾರಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ವಿದ್ಯಾರ್ಥಿ ತಾನೇ ಮಾಡಿಕೊಳ್ಳಬೇಕಾದದ್ದು. ಆದರೆ ಒಬ್ಬೊಬ್ಬರ ಧೈರ್ಯಕ್ಕೆ ಬಿಟ್ಟರೆ ಮಾತಿನಮಲ್ಲರು ಮುಂದೆ ಹೋಗುತ್ತಾರೆ, ಸಂಕೋಚದವರು ಉಳಿಯುತ್ತಾರೆ. ಸಮುದಾಯದ ಹಾಸ್ಟೆಲ್ಲಿನ ಹಳೆಯ ಕಥೆ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಎಲ್ಲರಿಗೂ ಸಮಾನವಾಗಿ ಪರಿಚಯ ಒದಗಿಸಬಲ್ಲದ್ದು ಕಾಲೇಜು ಮಾತ್ರ, ಮತ್ತು ಈ ಕೆಲಸದಲ್ಲಿ ನಮ್ಮ ಕಾಲೇಜುಗಳು ಹಿಂದಿವೆ ಎಂದು ಹೇಳಲೇಬೇಕಾಗಿದೆ. ಹಳೆಯ ವಿದ್ಯಾರ್ಥಿಗಳ ಸಮಾವೇಶವೆಂದರೆ ಶಾಲು, ಹಾರ, ಫಲತಾಂಬೂಲ, ಬೆಳ್ಳಿಹಬ್ಬದ ಬ್ಯಾಚಿನ ಗುಂಪುಚಿತ್ರ. ಈಗಿನ ವಿದ್ಯಾರ್ಥಿಗಳು ಅಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ, ಇಲ್ಲವೇ ಪ್ರಾರ್ಥನೆ ಹಾಡುತ್ತಾರೆ. ಸನ್ಮಾನಿತರೊಂದಿಗೆ ಒಂದು ಮಾತಾಡುವ ಅವಕಾಶ ಅವರಿಗಿರುವುದಿಲ್ಲ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಬ್ಯಾಚಿನವರಿಗೆ ಆಮಂತ್ರಣವೇ ಹೋಗಿರುವುದಿಲ್ಲ.

ಮಾಹಿತಿ ಇಲ್ಲವೆಂಬ ನೆಪ ಹೇಳುವಂತೆಯೂ ಇಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಐದನೆಯ ಮಾನದಂಡದಲ್ಲಿ ವಿದ್ಯಾರ್ಥಿಗಳ ಮುಂದಿನ ಪ್ರಗತಿ ಮತ್ತು ಹಳೆಯ ವಿದ್ಯಾರ್ಥಿಗಳ ಒಡನಾಟದ ವಿವರ ಕೇಳಲಾಗುತ್ತದೆ. ಅದಕ್ಕಾಗಿ ಯಾರು ಎಲ್ಲಿ ಕೆಲಸಕ್ಕೆ ಸೇರಿದರು ಎಂಬ ಪಟ್ಟಿ, ಆಫರ್ ಲೆಟರಿನ ಪ್ರತಿ, ಫೋನ್ ನಂಬರುಗಳನ್ನು ಕಾಲೇಜುಗಳು ಪ್ರತಿವರ್ಷ ಒಟ್ಟುಮಾಡುತ್ತವೆ. ತಂಡ ಬಂದು ಹೋದ ಮೇಲೆ ಆ ಕಡತ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ಕೊಠಡಿಯ ಬೀರು ಸೇರುತ್ತದೆ. ಆರನೇ ಸೆಮಿಸ್ಟರಿನ ವಿದ್ಯಾರ್ಥಿಗೆ ತನ್ನ ವಿಭಾಗದಿಂದ ಕಳೆದ ಮೂರು ವರ್ಷ ಯಾರು ಯಾವ ಕೆಲಸಕ್ಕೆ ಹೋದರೆಂಬುದನ್ನು ನೋಡುವ ಅವಕಾಶವಿಲ್ಲ. ಅದೇ ಪಟ್ಟಿಯನ್ನು ವಿಭಾಗವಾರು ಮಾಡಿ, ಒಬ್ಬ ಅಧ್ಯಾಪಕರನ್ನು ಹೊಣೆ ಮಾಡಿ, ಪ್ರತಿ ವಿದ್ಯಾರ್ಥಿಗೂ ಇಬ್ಬರು ಸೀನಿಯರ್‌ಗಳನ್ನು ಗೊತ್ತುಮಾಡಿಕೊಡುವುದಕ್ಕೆ ಹೊಸ ಅನುದಾನ ಬೇಕಿಲ್ಲ. ಅನುಮತಿಯಿಲ್ಲದೆ ಯಾರ ನಂಬರನ್ನೂ ಹಂಚಬಾರದು ಎಂಬುದು ನಿಜ; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿಯೂ ಒಪ್ಪಿಗೆಯೇ. ಅದಕ್ಕೂ ದಾರಿಯಿದೆ. ಕೊನೆಯ ಸೆಮಿಸ್ಟರ್ ಮುಗಿಸಿದವರು ಟಿ.ಸಿ., ಅಂಕಪಟ್ಟಿಗೆಂದು ಕಚೇರಿಯ ಕೌಂಟರಿಗೆ ಬರಲೇಬೇಕು. ಆಗ ತುಂಬಿಸುವ ನೋ ಡ್ಯೂಸ್ ಫಾರಂನಲ್ಲಿ 'ಕಿರಿಯ ವಿದ್ಯಾರ್ಥಿಗಳು ನನ್ನನ್ನು ಸಂಪರ್ಕಿಸಬಹುದು' ಎಂಬ ಒಂದು ಸಾಲು, ಅದರ ಮುಂದೆ ಒಂದು ಚೌಕ, ಫೋನಿನಲ್ಲೋ ಮೇಲ್‌ನಲ್ಲೋ ಎಂಬ ಆಯ್ಕೆ ಸೇರಿಸಿದರೆ ಈ ವರ್ಷದ ಬ್ಯಾಚಿನಿಂದಲೇ ಪಟ್ಟಿ ಶುರುವಾಗುತ್ತದೆ.